ಮಾತ್ರೆ ತಂದ ವೈರಾಗ್ಯ

ಗುಬ್ಬಿಯಲ್ಲಿ ಪಂಪ್‌ಸೆಟ್ ಅಂಗಡಿ ನಡೆಸುವ ಪ್ರಭುದೇವನಿಗೆ ಐವತ್ತೆಂಟು ದಾಟಿದ ಮೇಲೆ ಬೆಳಗಿನ ಪೂಜೆ ಪೂರ್ತಿಯಾಗುತ್ತಿರಲಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಡುವಷ್ಟರಲ್ಲಿ ಮೂತ್ರಕ್ಕೆ ಅವಸರವಾಗುತ್ತಿತ್ತು. ಲಿಂಗವನ್ನು ಕರಡಿಗೆಗೆ ಸೇರಿಸಿ ಎದ್ದು ಹೋದರೆ, ಎಷ್ಟು ಹೊತ್ತು ನಿಂತರೂ ತೊಟ್ಟು ತೊಟ್ಟು. ತುಮಕೂರಿನ ಡಾಕ್ಟರ್ ಲಕ್ಷ್ಮೀನರಸಿಂಹಯ್ಯ ಪರೀಕ್ಷೆ ಮಾಡಿಸಿ, ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿದೆ, ಕ್ಯಾನ್ಸರ್ ಅಲ್ಲ ಎಂದು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಕೆಲವು ತಿಂಗಳಲ್ಲಿ ಪೂಜೆ ಅಡ್ಡಿಯಿಲ್ಲದೆ ಮುಗಿಯತೊಡಗಿತು.

ಆದರೆ ಇನ್ನೊಂದು ನಿಂತುಹೋಯಿತು. ಹೆಂಡತಿ ಸುಮನಾ ಮಗ್ಗುಲಲ್ಲಿದ್ದಾಗ ಅವನಿಗೆ ಆಸೆಯ ನೆನಪು ಬರುತ್ತಿತ್ತು, ಆಸೆ ಬರುತ್ತಿರಲಿಲ್ಲ. ಬಂದ ಒಂದೆರಡು ಸಲವೂ ದೇಹ ಜೊತೆ ಕೊಡಲಿಲ್ಲ. ವಯಸ್ಸಾಯಿತು ಎಂದುಕೊಂಡ. ಹೇಳಿಕೊಳ್ಳಲು ನಾಚಿಕೆ. ಅವಳಿಗಿಂತ ಮುಂಚೆ ಎದ್ದು ಪೂಜೆಗೆ ಕೂತು, ಮುಗಿದ ಮೇಲೂ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ.

ಒಂದು ಸಂಜೆ ಅಂಗಡಿಯಿಂದ ಬಂದಾಗ ಅವನ ಹಾಸಿಗೆ ದೇವರಮನೆಯ ಪಕ್ಕದ ಕೋಣೆಗೆ ಬಂದಿತ್ತು. ಒಗೆದ ಹೊದಿಕೆ, ತಲೆಯ ಬಳಿ ತಂಬಿಗೆ ನೀರು, ವಿಭೂತಿ ಗಟ್ಟಿ. ಸುಮನಾ ಏನೂ ಹೇಳಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ದೂರವಿಟ್ಟಳಲ್ಲ ಎನಿಸಿ ಅವನೂ ಕೇಳಲಿಲ್ಲ.

ಗೋಡೆಯಾಚೆ ಅವಳು ಬಳೆ ತೆಗೆದಿಡುವ ಸದ್ದು ಕೇಳುತ್ತಿತ್ತು. ಆಮೇಲೆ ಮಗ್ಗುಲು ಬದಲಿಸುವುದು, ಕೆಮ್ಮುವುದು. ಅವಳ ಅಂಗಾಲು ಸದಾ ತಣ್ಣಗೆ. ಅದನ್ನು ಅವನ ಕಾಲಿಗೆ ಒತ್ತಿಕೊಂಡೇ ನಿದ್ದೆ ಹೋಗುತ್ತಿದ್ದಳು. ಈಗ ಹೇಗೆ ಮಲಗುತ್ತಾಳೋ. ದೇಹ ಸುಮ್ಮನಿದ್ದರೂ ಅವಳು ಇಷ್ಟೊಂದು ಬೇಕೆನಿಸುವುದು ಎಲ್ಲಿಂದ ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಸುಮನಾಳ ತಂಗಿ ಅನುಪಮಾ ಅಮೃತೂರಿನಿಂದ ಬಂದಳು. ಚಪ್ಪಲಿ ಬಿಡುತ್ತಲೇ, “ಏನ್ ಭಾವ, ಸ್ವಾಮಿಗಳಾಗ್ಬಿಟ್ರಂತೆ? ಕಾಲು ಚಾಚಿ, ಪಾದಪೂಜೆಗೆ ಕಾಯಿ ತಂದಿದೀನಿ!” ಎಂದಳು.

“ಯಾರೇ ಹೇಳಿದ್ದು?”

“ನಿಮ್ಮ ಹೆಂಡ್ತೀನೇ. ನಮ್ಮ ತಾತನ ಥರಾನೇ ಆಗೋದ್ರು ಕಣೇ ಅಂತ ಫೋನಲ್ಲಿ ಅತ್ಲು.”

ಆ ತಾತ ಅರವತ್ತಕ್ಕೆ ಮಠದಲ್ಲಿ ಸಂಕಲ್ಪ ಮಾಡಿ ಬಂದು, ಮನೆಯಲ್ಲಿದ್ದುಕೊಂಡೇ ಸಂಸಾರ ಬಿಟ್ಟವರು. ಬೇರೆ ಹಾಸಿಗೆಯನ್ನು ಅಜ್ಜಿಯೇ ಹಾಸಿಕೊಡುತ್ತಿದ್ದರಂತೆ. ವ್ರತ ಹಿಡಿದವರನ್ನು ಪ್ರಶ್ನೆ ಕೇಳಬಾರದು, ಅದು ಆ ಮನೆಯ ರೀತಿ.

ಪ್ರಭುದೇವ ನೆಟ್ಟಗೆ ಅಡುಗೆಮನೆಯಲ್ಲಿದ್ದ ಸುಮನಾಳ ಬಳಿ ಹೋದ.

“ವ್ರತ ಅಲ್ಲ ಕಣೇ. ನನ್ ಕೈಲಿ ಆಗ್ತಿಲ್ಲ.”

“ಏನಾಗ್ತಿಲ್ಲ?”

ಅವನು ನೆಲ ನೋಡಿದ. ಅವಳಿಗೆ ಅರ್ಥವಾಯಿತು.

“ಅಯ್ಯೋ ನಿಮ್ಮ! ದಿನಾ ನಿಮ್ಮ ಹಾಸಿಗೆಗೆ ನಮಸ್ಕಾರ ಮಾಡ್ತಿದ್ನಲ್ರೀ ನಾನು!” ನಗಲು ಹೋಗಿ ಅತ್ತಳು. “ಡಾಕ್ಟ್ರಿಗೆ ಹೇಳಿದ್ರಾ?”

“ಉಚ್ಚೆ ವಿಷ್ಯ ಹೇಳಿದ್ದೆ. ಇದನ್ನ ಹೆಂಗ್ ಹೇಳ್ಲಿ?”

“ನಾನ್ ಹೇಳ್ತೀನಿ, ನಡೀರಿ.”

ಮರುದಿನ ತುಮಕೂರಿನಲ್ಲಿ ಅವಳೇ ಹೇಳಿದಳು, ಸೆರಗಿನ ತುದಿ ಸುತ್ತುತ್ತ, ಆದರೆ ಪೂರ್ತಿಯಾಗಿ. ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಇದೆ ಎಂದರು. ಒಂದು ಮೂತ್ರದ ದಾರಿಯನ್ನು ಸಡಿಲಿಸುತ್ತದೆ. ಇನ್ನೊಂದು ಹಾರ್ಮೋನನ್ನು ತಡೆದು ಗ್ರಂಥಿಯನ್ನು ಕುಗ್ಗಿಸುತ್ತದೆ. ಕೆಲವರಲ್ಲಿ ಆಸೆಯನ್ನೂ ಕುಗ್ಗಿಸುತ್ತದೆ.

“ಮೊದಲೇ ಹೇಳ್ಬೇಕಿತ್ತು ನಾನು. ಎರಡನೇದನ್ನ ನಿಲ್ಲಿಸಿ ನೋಡೋಣ. ಉಚ್ಚೆ ತೊಂದರೆ ಮತ್ತೆ ಬಂದ್ರೆ ಬೇರೆ ದಾರಿ ಇದೆ.”

“ಸರಿಹೋಗುತ್ತಾ ಸಾರ್?” ಪ್ರಭುದೇವ ಬಾಯಿಬಿಟ್ಟ.

“ಹೆಚ್ಚಿನವರಿಗೆ ಸರಿಹೋಗುತ್ತೆ, ತಿಂಗಳುಗಟ್ಟಲೆ ಹಿಡೀಬಹುದು. ಗ್ಯಾರಂಟಿ ಕೊಡಕ್ಕಾಗಲ್ಲ.”

ಗುಬ್ಬಿ ಬಸ್ಸಿನಲ್ಲಿ ಹಿಂದೆ ಮುಂದೆ ಗುರುತಿನವರೇ. ಅವನು ಮೆಲ್ಲಗೆ ಕೇಳಿದ: “ಸರಿಹೋಗದೇ ಇದ್ರೆ?”

“ಇಷ್ಟು ದಿನ ನಾನು ಅತ್ತಿದ್ದು ಅದೊಂದಕ್ಕೇ ಅಂದ್ಕೊಂಡ್ರಾ?” ಎಂದು ಸುಮನಾ ಕಿಟಕಿಯ ಕಡೆ ತಿರುಗಿದಳು.

ಅವನು ಬ್ಯಾಗನ್ನು ಇಬ್ಬರ ತೊಡೆಗೂ ಅಡ್ಡ ಎಳೆದುಕೊಂಡು ಅದರಡಿ ಅವಳ ಕೈ ಹುಡುಕಿದ. ಕಂಡಕ್ಟರ್ ಬಂದು ಟಿಕೆಟ್ ಕೇಳಿದಾಗ ಇನ್ನೊಂದು ಕೈಯಿಂದ ಜೇಬು ತಡಕಾಡಿದ.