ಎರಡೂವರೆ ಅಡಿಯ ಬಾಗಿಲು

ನಾನು ಒಂದು ಗಾಲಿ ಕುರ್ಚಿ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಕೊಳವೆ ಬಗ್ಗಿಸಿ, ಬೆಸುಗೆ ಹಾಕಿ, ಉಜ್ಜಿ ಹೊಳಪು ತಂದರು. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಎರಡು ಸಣ್ಣ ಗಾಲಿ. ನೀಲಿ ರೆಕ್ಸಿನ್ನಿನ ಸೀಟು ಕೂರಿಸಿದ ಮೇಲೆ ಕೆಲಸಗಾರನೊಬ್ಬ ತಾನೇ ನನ್ನ ಮೇಲೆ ಕುಳಿತು ಶೆಡ್ಡಿನ ತುಂಬ ಒಂದು ಸುತ್ತು ಹಾಕಿದ. ಎಡಕ್ಕೆ ಎಳೆಯುತ್ತದೆ ಎಂದು ಗೊಣಗಿ ಒಂದು ನಟ್ಟು ಬಿಗಿ ಮಾಡಿದ. ನನ್ನ ಶಿಕ್ಷಣವೆಲ್ಲ ಅಷ್ಟೇ.

ಮೊದಲು ನನ್ನನ್ನು ಕೊಂಡವರು ಗದಗಿನ ಒಬ್ಬ ಅರಳೆ ವ್ಯಾಪಾರಿ, ವಯಸ್ಸಾದವರು. ಹಾಸಿಗೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಾಸಿಗೆಗೆ. ಅವರು ಒಂದು ದಿನವೂ ನನ್ನ ಗಾಲಿ ಮುಟ್ಟಲಿಲ್ಲ. ತಳ್ಳುವವರು ಬೇರೆ ಇದ್ದರು. ಅವರು ತೀರಿಕೊಂಡ ಮೇಲೆ ಸತ್ತವರ ಕುರ್ಚಿ ಮನೆಯಲ್ಲಿ ಬೇಡವೆಂದು ಆಸ್ಪತ್ರೆಗೆ ಕೊಟ್ಟರು. ಅಲ್ಲಿ ಒಂದು ಕಂಬದ ಮಗ್ಗುಲಲ್ಲಿ ನಿಂತಿದ್ದಾಗ ಕಸ್ತೂರಿ ಬಂದಳು.

ಬಂದಳು ಅನ್ನುವುದು ತಪ್ಪು. ಅವಳ ತಮ್ಮ ಶಿವಯೋಗಿ ಅವಳನ್ನು ಎತ್ತಿಕೊಂಡು ತಂದು ನನ್ನ ಮೇಲೆ ಕೂರಿಸಿದ. ಹಸಿ ಎರೆಮಣ್ಣಿನ ರಸ್ತೆಯಲ್ಲಿ ಸ್ಕೂಟರ್ ಜಾರಿ ಬಿದ್ದು ಅವಳ ಸೊಂಟದ ಕೆಳಗೆ ಬಲ ಹೋಗಿತ್ತು. ಅದಕ್ಕೆ ಮೊದಲು ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳಂತೆ. ಕುಳಿತವಳೇ ಎರಡೂ ಕೈಯಿಂದ ನನ್ನ ಗಾಲಿಗಳನ್ನು ಹಿಡಿದಳು. ಶೆಡ್ಡು ಬಿಟ್ಟ ಮೇಲೆ ಹಾಗೆ ನನ್ನನ್ನು ಹಿಡಿದವರಲ್ಲಿ ಮೊದಲಿಗಳು ಅವಳು. ಆಮೇಲೆ ಅವಳ ಮನಸ್ಸಿನಲ್ಲಿ ಏನಾದರೂ ನನಗೆ ಮೊದಲು ತಿಳಿಯುತ್ತಿದ್ದುದು ಆ ಅಂಗೈಗಳಿಂದಲೇ.

ಆಸ್ಪತ್ರೆಯವರು ನನ್ನನ್ನು ಅವಳ ಜೊತೆಗೇ ಮನೆಗೆ ಕಳಿಸಿದರು. ಅವರದು ಬಾಡಿಗೆ ಮನೆ. ಅಪ್ಪ ಫಕ್ಕೀರಪ್ಪ, ಬಸ್ಸಿನ ಚಾಲಕರಾಗಿದ್ದು ನಿವೃತ್ತರಾದವರು. ಅವ್ವ ನೀಲವ್ವ. ಶಿವಯೋಗಿ, ಅವನ ಹೆಂಡತಿ, ಪುಟ್ಟ ಮಗಳು. ಪಾಯಖಾನೆಯೂ ಕೂಡಿದ ಬಚ್ಚಲು ಹಿತ್ತಲಲ್ಲಿ, ಎರಡು ಮೆಟ್ಟಿಲು ಇಳಿದು. ಶಿವಯೋಗಿ ಬೆಳಿಗ್ಗೆ ತನ್ನ ಸಣ್ಣ ಸರಕಿನ ಗಾಡಿ ತೆಗೆದುಕೊಂಡು ಮಾರುಕಟ್ಟೆಗೆ ಹೊರಡುವ ಮುಂಚೆ ಅಕ್ಕನನ್ನು ಎತ್ತಿ ಒಯ್ಯುತ್ತಿದ್ದ, ಸಂಜೆ ಬಂದ ಮೇಲೆ ಮತ್ತೊಮ್ಮೆ. ನಡುವಿನ ಹಗಲೆಲ್ಲ ಅವಳು ನೀರು ಕುಡಿಯುತ್ತಿರಲಿಲ್ಲ. ನೀಲವ್ವ ಲೋಟ ತುಂಬಿ ನನ್ನ ತೋಳಿನ ಪಕ್ಕದ ಕಿಟಕಿಯಲ್ಲಿ ಇಡುತ್ತಿದ್ದಳು. ಕಸ್ತೂರಿ ತುಟಿ ಒದ್ದೆ ಮಾಡಿಕೊಂಡು ಹಾಗೇ ಇಡುತ್ತಿದ್ದಳು. ಬೇಸಿಗೆಯಲ್ಲಿ ಒಮ್ಮೆ ಚಳಿಜ್ವರ ಬಂದು ಆಸ್ಪತ್ರೆ ಸೇರಿದಳು. ಮೂತ್ರದ ಸೋಂಕು, ಹೀಗೇ ಆದರೆ ಮೂತ್ರಪಿಂಡಕ್ಕೆ ಇಳಿಯುತ್ತದೆ ಎಂದು ಡಾಕ್ಟರ್ ಗದರಿದರು. ಯಾಕೆ ಬಂತೆಂದು ಅವಳು ಯಾರಿಗೂ ಹೇಳಲಿಲ್ಲ.

ಅದೇ ಹೊತ್ತಿಗೆ ಹೊಸ ಮನೆಯ ಮಾತು ಶುರುವಾಯಿತು. ಮುಳಗುಂದ ರಸ್ತೆಯ ಕಡೆ ಫಕ್ಕೀರಪ್ಪನವರ ಒಂದು ಸೈಟಿತ್ತು, ಇಪ್ಪತ್ತು ಬೈ ಮೂವತ್ತು. ಒಂದು ಸಂಜೆ ಶಿವಯೋಗಿ ಇಂಜಿನಿಯರ್ ಬರೆದುಕೊಟ್ಟ ನಕ್ಷೆ ತಂದು ನೆಲದ ಮೇಲೆ ಹರವಿದ. ಎಲ್ಲರೂ ಸುತ್ತ ಕುಳಿತರು. ಮುಂದೆ ಗಾಡಿ ನಿಲ್ಲಿಸುವ ಜಾಗ, ಅದರ ಹಿಂದೆ ಹಾಲು, ಈಶಾನ್ಯಕ್ಕೆ ದೇವರ ಕೋಣೆ, ಅಡುಗೆಮನೆ, ಹಿಂದಿನ ಮೂಲೆಯಲ್ಲಿ ಮೆಟ್ಟಿಲ ಕೆಳಗೆ ಬಚ್ಚಲು, ಅದಕ್ಕೆ ಅಂಟಿಕೊಂಡು ಒಂದು ಸಣ್ಣ ಕೋಣೆ. ಮೇಲೆ ಎರಡು ಕೋಣೆ.

"ಕೆಳಗಿನ ಖೋಲಿ ನಿಂದು ನೋಡವಾ," ಎಂದರು ಫಕ್ಕೀರಪ್ಪ, ಉಡುಗೊರೆ ಕೊಡುವವರ ಹಾಗೆ.

ಕಸ್ತೂರಿ ಬಾಗಿ ನೋಡಿದಳು. "ಬಚ್ಚಲದ ಬಾಗಲಾ ಎಷ್ಟ ಐತಿ?"

"ಎರಡೂವರಿ ಫೂಟು," ಎಂದ ಶಿವಯೋಗಿ. "ಎಲ್ಲಾರ ಮನ್ಯಾಗೂ ಅಷ್ಟ ಇರ್ತೈತಿ."

"ಚೌಕಟ್ಟ ಕಳದ್ರ ಈ ಕುರ್ಚಿ ಹಿಡಿಯಂಗಿಲ್ಲಲ್ಲೋ. ಹಿಡಿದ್ರೂ ಒಳಗ ತಿರಗಾಕ ಆಗಂಗಿಲ್ಲ."

"ಬಾಗಲದ ತನಕಾ ಬಾ. ಮುಂದ ನಾ ಎತ್ತಿ ಒಯ್ತೀನಲ್ಲ."

ಅವಳ ಅಂಗೈ ನನ್ನ ಗಾಲಿಯ ಮೇಲೆ ಬಿಗಿಯಾಯಿತು. ಮರುದಿನ ಅವಳು ಸೀಮೆಸುಣ್ಣ ತರಿಸಿ, ಅವ್ವನ ಕೈಯಿಂದ ಬಾಡಿಗೆ ಮನೆಯ ಪಡಸಾಲೆಯ ನೆಲದ ಮೇಲೆ ಆ ಬಚ್ಚಲನ್ನು ಅಳತೆಗೆ ಸರಿಯಾಗಿ ಬರೆಸಿದಳು. ನನ್ನನ್ನು ಒಳಗೆ ನಡೆಸಿದಳು. ಮುಂದೆ ಹೋದರೆ ಗೋಡೆ ದಾಟಿದೆ, ಹಿಂದೆ ಬಂದರೆ ಬಾಗಿಲ ಚೌಕಟ್ಟು ತುಳಿದೆ. ಸಂಜೆ ಶಿವಯೋಗಿಯನ್ನು ಕರೆದು ತೋರಿಸಿದಳು. ಅವನು ಕೈಕಾಲು ತೊಳೆಯುತ್ತಲೇ ನೋಡಿದ.

"ಜಾಗಾ ಎಲ್ಲಿಂದ ತರ್ಲಿ ಅಕ್ಕಾ?"

"ಗಾಡಿ ಜಾಗದಾಗ ನನ್ನ ಖೋಲಿ ಬರ್ಲಿ. ಮೆಟ್ಟಲಾ ಹೊರಗ ಹೋಗ್ಲಿ."

ಅವನ ಮುಖ ಬಿಗಿದುಕೊಂಡಿತು. ಅದಕ್ಕೆ ಕಾರಣವಿತ್ತು. ಬಾಡಿಗೆ ಮನೆಯ ಮುಂದಿನ ಬೀದಿಯಲ್ಲಿ ನಿಂತ ಆ ಗಾಡಿಯ ಡೀಸೆಲ್ ಕದ್ದಿದ್ದರು, ಸ್ಟೆಪ್ನಿ ಗಾಲಿ ಕದ್ದಿದ್ದರು. ಗಾಡಿ ಓಡದ ದಿನ ಒಲೆ ಉರಿಯುವುದೂ ಕಷ್ಟ. ಅವನಿಗೆ ಹೊಸ ಮನೆ ಅಂದರೆ ಬೀಗ ಹಾಕಿದ ಗೇಟಿನ ಒಳಗೆ ನಿಂತ ಗಾಡಿ. ಅವನು ಊಟಕ್ಕೆ ಕುಳಿತ. ಅಂದಿನಿಂದ ಅಕ್ಕನನ್ನು ಎತ್ತುವಾಗ ಮಾತಾಡುವುದನ್ನು ಬಿಟ್ಟ. ಎತ್ತುವುದನ್ನು ಮಾತ್ರ ಬಿಡಲಿಲ್ಲ. ಮಾತಿಲ್ಲದೆ ಎತ್ತಿಸಿಕೊಳ್ಳುವುದು ಎಷ್ಟು ಭಾರವೆಂದು ವಾಪಸು ಬಂದು ನನ್ನ ಮೇಲೆ ಕುಳಿತ ಅವಳ ಮೈಯಿಂದ ನನಗೆ ಗೊತ್ತಾಗುತ್ತಿತ್ತು.

ಪಾಯ ತೋಡುವ ದಿನ ಬಂತು. ಕಸ್ತೂರಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಶಿವಯೋಗಿ ನನ್ನನ್ನೂ ಅವಳನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದ. ಕರಿಮಣ್ಣಿನ ಮೇಲೆ ಮೊದಲಿನ ನಕ್ಷೆಯಂತೆಯೇ ಸುಣ್ಣದ ಪುಡಿಯಿಂದ ಗೆರೆ ಎಳೆದಿದ್ದರು. ಮನೆಯ ಪ್ರತಿ ಗೋಡೆಯೂ ಬಿಳಿ ಗೆರೆಯಾಗಿ ಮಲಗಿತ್ತು. ಪಕ್ಕದಲ್ಲಿ ತೋಡುವ ಯಂತ್ರ ಗುಡುಗುಡು ಅನ್ನುತ್ತಿತ್ತು. ಪೂಜೆ ಮುಗಿಯಿತು, ಕಾಯಿ ಒಡೆದರು. ಇನ್ನೇನು ಯಂತ್ರ ಮುಂದೆ ಬರಬೇಕು, ಕಸ್ತೂರಿ ಗಾಲಿ ಒತ್ತಿದಳು.

ಹೆಂಟೆಗಳ ಮೇಲೆ ಕುಲುಕಾಡುತ್ತ ನಾನು ಹಾಲು ದಾಟಿದೆ, ಸಣ್ಣ ಕೋಣೆ ದಾಟಿದೆ, ಬಚ್ಚಲಿನ ಗೆರೆಗಳ ನಡುವೆ ಹೋಗಿ ನಿಂತೆ. ಹಾದಿಯುದ್ದಕ್ಕೂ ಸುಣ್ಣ ಅಳಿಸಿ ನನ್ನ ಗಾಲಿಗಳೆಲ್ಲ ಬೆಳ್ಳಗಾದವು.

"ಗೆರಿ ಕೆಡಸಬ್ಯಾಡ ಅಕ್ಕಾ! ಹೊರಗ ಬಾ!"

"ಬರಂಗಿಲ್ಲ. ತೋಡೂದಾದ್ರ ನನ್ನ ಸುತ್ತ ತೋಡ್ರಿ."

ಯಂತ್ರದವನು ಎಂಜಿನ್ ಆರಿಸಿದ. ಇಂಜಿನಿಯರ್ ತನ್ನ ಫೋನು ನೋಡತೊಡಗಿದ. ಪಕ್ಕದ ಸೈಟಿನವರು ಕೆಲಸ ನಿಲ್ಲಿಸಿ ತಿರುಗಿದರು. ಶಿವಯೋಗಿ ದಾಪುಗಾಲು ಹಾಕಿ ಬಂದು ನನ್ನ ಹಿಡಿಕೆ ಹಿಡಿದ. ಅವನು ಹಿಂದಕ್ಕೆ ಎಳೆದ, ಅವಳು ಗಾಲಿ ಹಿಡಿದು ತಡೆದಳು. ಇಬ್ಬರ ಬಲವೂ ನನ್ನ ಕೊಳವೆಗಳಲ್ಲಿ ಕೂಡಿ ನಾನು ಕಿರ್ರೆಂದೆ.

"ಎರಡು ವರ್ಷದಿಂದ ಎತ್ತಾಕತ್ತೀನಿ. ಒಂದ ದಿನಾ ಬ್ಯಾಸರಾ ಮಾಡ್ಕೊಂಡೀನೇನು? ಹೇಳು, ಎಲ್ಲಾರ ಮುಂದ ಹೇಳು!"

"ನೀ ಬ್ಯಾಸರಾ ಮಾಡ್ಕೊಂಡಿಲ್ಲೋ ತಮ್ಮಾ. ನನಗ ಬ್ಯಾಸರ ಆಗೇತಿ. ಮುಂಜಾನೆ ನೀ ಹ್ವಾದಮ್ಯಾಲೆ ಸಂಜಿತನಾ ನಾ ನೀರು ಕುಡಿಯಂಗಿಲ್ಲ. ನಿನಗ ಗೊತ್ತೈತೇನದು? ಆಸ್ಪತ್ರಿಗಿ ಯಾಕ ಹೋಗಿದ್ದೆ ಅನ್ಕೊಂಡಿ?"

ಹಿಡಿಕೆಯ ಮೇಲಿನ ಅವನ ಕೈ ಸಡಿಲವಾಯಿತು. ಅವನು ಅವ್ವನ ಕಡೆ ತಿರುಗಿದ. "ನಿನಗ ಗೊತ್ತಿತ್ತೇನಬೇ?"

ನೀಲವ್ವ ಪೂಜೆಯ ತಟ್ಟೆ ಹಿಡಿದು ನಿಂತಿದ್ದಳು. "ಗೊತ್ತಿತ್ತು," ಎಂದಳು. "ಲ್ವಾಟಾ ತುಂಬಿ ಇಡೂಕಿ ನಾನ. ತಿರುಗಿ ಚೆಲ್ಲೂಕಿ ನಾನ. ಕುಡಿ ಅಂತ ಜೋರು ಮಾಡಿದ್ರ ಎತ್ತಬೇಕಾಗ್ತೈತಿ. ನನ್ನ ನಡಾ ಹೋಗೇತಿ ಶಿವು. ಎತ್ತಾಕ ಆಗಂಗಿಲ್ಲಂತ ಮಗಳ ಮುಂದ ಹೆಂಗ ಹೇಳ್ಲಿ? ಅದಕ್ಕ ಸುಮ್ಮನಿದ್ದೆ."

ಕಸ್ತೂರಿಯ ಕೈಗಳು ನನ್ನ ಗಾಲಿ ಬಿಟ್ಟು ಅವಳ ಮಡಿಲಿಗೆ ಬಿದ್ದವು. ಅವ್ವ ಗಮನಿಸಿಯೇ ಇಲ್ಲ ಎಂದುಕೊಂಡಿದ್ದಳು ಅವಳು.

ಶಿವಯೋಗಿ ಯಾರ ಮುಖವನ್ನೂ ನೋಡಲಿಲ್ಲ. ಹೋಗಿ ಗಾಡಿ ಹತ್ತಿದ, ಧೂಳೆಬ್ಬಿಸಿಕೊಂಡು ಹೊರಟುಹೋದ. ಫಕ್ಕೀರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇವತ್ತ ಬ್ಯಾಡ್ರಿ, ನಿಂದ್ರಸ್ರಿ," ಎಂದು ಇಂಜಿನಿಯರಿಗೆ ಹೇಳಿದರು. ನಾವು ಆಟೋದಲ್ಲಿ ಮನೆಗೆ ಬಂದೆವು. ಹತ್ತಿಸಿ ಇಳಿಸಿದವನು ಗುರುತಿಲ್ಲದ ಆಟೋದವನು. ಕಸ್ತೂರಿ ಕಣ್ಣು ಮುಚ್ಚಿಕೊಂಡಿದ್ದಳು.

ಸಂಜೆಯ ಹೊತ್ತಾಯಿತು. ಗಾಡಿಯ ಸದ್ದಿಲ್ಲ. ಶಿವಯೋಗಿಯ ಹೆಂಡತಿ ಬಾಗಿಲಿಗೆ ಹೋಗಿ ಹೋಗಿ ಬಂದಳು. ಕಸ್ತೂರಿಯ ಬೆರಳುಗಳು ನನ್ನ ತೋಳಿನ ರೆಕ್ಸಿನ್ನನ್ನು ಕೆರೆಯುತ್ತಲೇ ಇದ್ದವು. ಆ ಕೆರೆತದ ಗುರುತು ಇಂದಿಗೂ ನನ್ನ ಮೇಲಿದೆ. ಕೊನೆಗೆ ಅವನು ಬಂದ. ಚಪ್ಪಲಿ ಬಿಟ್ಟು ನೇರವಾಗಿ ಅಕ್ಕನ ಹತ್ತಿರ ಬಂದು ದಿನದ ಹಾಗೆ ಎತ್ತಿಕೊಂಡ. ತಿರುಗಿ ತಂದು ಕೂರಿಸಿದ ಮೇಲೆ ನನ್ನ ಮುಂದೆ ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತ.

"ಗಾಡಿ ಹೊರಗ ನಿಂದರ್ತೈತಿ," ಎಂದ. "ಆದ್ರ ಮ್ಯಾಲಿನ ನನ್ನ ಖೋಲಿ ಕಿಡಕಿ ರಸ್ತಾದ ಕಡೆ ಇರಬೇಕು. ಮಕ್ಕೊಂಡಲ್ಲಿಂದ ಗಾಡಿ ಕಾಣಬೇಕು ನನಗ."

ಕಸ್ತೂರಿ ತಲೆಯಾಡಿಸಿದಳು. ಫಕ್ಕೀರಪ್ಪ, "ದೇವರು ಗ್ವಾಡಿ ಮಾಡದಾಗ ಕುಂದರ್ತಾನ ತಗೀರಿ," ಎಂದರು.

ನಕ್ಷೆ ಹೊಸದಾಯಿತು. ಮೆಟ್ಟಿಲು ಹೊರಗೆ ಹೋಯಿತು. ರಸ್ತೆಯ ಕಡೆ ಕಸ್ತೂರಿಯ ಕೋಣೆ, ಅದರೊಳಗೇ ನಾನು ಪೂರ್ತಿ ಒಂದು ಸುತ್ತು ತಿರುಗಬಲ್ಲ ಬಚ್ಚಲು, ಬಾಗಿಲಿಗೆ ಹೊಸ್ತಿಲಿಲ್ಲ. ದೇವರ ಕೋಣೆ ಹೋಗಿ ಗೋಡೆಯಲ್ಲೊಂದು ಗೂಡಾಯಿತು, ಹಾಲು ಕಿರಿದಾಯಿತು. ಗೃಹಪ್ರವೇಶದ ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ನನ್ನನ್ನು ಒಳಗೆ ನಡೆಸಿ, ತಿರುಗಿಸಿ, ಬಾಗಿಲು ಹಾಕಿ ಚಿಲಕ ಜಾರಿಸಿದಳು. ಗೋಡೆಯ ಹಿಡಿಕೆ ಹಿಡಿದು ನನ್ನಿಂದ ಇಳಿಯುವಾಗ ಒಮ್ಮೆ ಕೈ ಜಾರಿತು, ಮತ್ತೆ ಹಿಡಿದಳು. ಹೊರಗೆ ನೀಲವ್ವ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದಳು.

"ಕಸ್ತೂರಿ, ನಾ ಬರ್ಲೇನು?"

"ಬ್ಯಾಡಬೇ. ಹೋಗಿ ಚಾ ಕುಡಿ ನೀ."

ಆದರೆ ಕಥೆ ಅಲ್ಲಿಗೇ ಸುಖವಾಗಿ ನಿಲ್ಲಲಿಲ್ಲ. ಮೊದಲ ಮಳೆಗಾಲದಲ್ಲೇ ರಸ್ತೆಯಲ್ಲಿ ನಿಂತ ಗಾಡಿಯ ಬ್ಯಾಟರಿ ಕದ್ದರು. ಕಿಟಕಿಯಿಂದ ಗಾಡಿ ಕಾಣುತ್ತಿತ್ತು, ನಿಜ. ಆದರೆ ಮನುಷ್ಯ ನಿದ್ದೆ ಮಾಡಲೇಬೇಕಲ್ಲ. ಬೆಳಿಗ್ಗೆ ಶಿವಯೋಗಿ ಬ್ಯಾಟರಿಯ ಖಾಲಿ ಜಾಗ ನೋಡುತ್ತ ನಿಂತ. ಕಸ್ತೂರಿ ಕೆಳಗಿನ ಕಿಟಕಿಯಲ್ಲಿದ್ದಳು. ಅವನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅವಳ ಅಂಗೈ ಅಷ್ಟು ತಣ್ಣಗಾಗುತ್ತಿರಲಿಲ್ಲವೇನೋ. ಅಂದಿನಿಂದ ಅವನು ದಿನಾ ಸಂಜೆ ಬ್ಯಾಟರಿ ಬಿಚ್ಚಿ ಹೊತ್ತು ಒಳಗೆ ತರುತ್ತಾನೆ, ಬೆಳಿಗ್ಗೆ ಹೊತ್ತು ಹೊರಗೆ ಒಯ್ಯುತ್ತಾನೆ.

ಈಗ ನಾನು ಹೊರಗಿನ ಮೆಟ್ಟಿಲ ಕೆಳಗಿದ್ದೇನೆ. ನನ್ನ ಮುಂದಿನ ಗಾಲಿ ಸೀಳಿದೆ, ಬೇರಿಂಗು ಸವೆದಿದೆ, ಸೀಟು ಜೋತುಬಿದ್ದಿದೆ. ಕಸ್ತೂರಿಗೆ ಹಗುರವಾದ ಹೊಸ ಕುರ್ಚಿ ಬಂದಿದೆ. ಇಲ್ಲಿಂದ ನನಗೆ ಗೇಟು ಕಾಣುತ್ತದೆ. ಮೊನ್ನೆ ಬೆಳಿಗ್ಗೆ ಶಿವಯೋಗಿ ಬ್ಯಾಟರಿ ಎತ್ತಿಕೊಂಡು ಬರುವಾಗ ಕಸ್ತೂರಿ ಮಡಿಲ ಮೇಲೆ ಗೋಣಿತಟ್ಟು ಹಾಸಿಕೊಂಡು ಕುರ್ಚಿಯನ್ನು ಅಡ್ಡ ನಿಲ್ಲಿಸಿದಳು.

"ಇಲ್ಲಿಡು. ನಾ ಒಯ್ತೀನಿ."

"ಭಾರ ಐತಿ ಅಕ್ಕಾ."

"ನಾ ಏನ ಹಗರ ಇದ್ನೇನು ನಿನಗ?"

ಅವನು ನಗಲಿಲ್ಲ. ಬ್ಯಾಟರಿಯನ್ನು ಮೆಲ್ಲಗೆ ಅವಳ ಮಡಿಲಲ್ಲಿಟ್ಟ. ಅವಳು ಬಾಗಿಲ ಮುಂದಿನ ಇಳಿಜಾರಿನ ಮೇಲೆ ಗಾಲಿ ತಡೆದು ತಡೆದು ಇಳಿಸುತ್ತ ಗೇಟು ದಾಟಿದಳು. ಅವನು ಬರಿಗೈಯಲ್ಲಿ ಅವಳ ಹಿಂದೆ ನಡೆದ.

ಮೂಲೆಯಲ್ಲಿ ಕುಳಿತ ನನಗೆ ಯೋಚಿಸಲು ಬೇಕಾದಷ್ಟು ಹೊತ್ತಿದೆ. ಮನೆಗೆ ಬೇಕಾದದ್ದೆಲ್ಲ ಇಪ್ಪತ್ತು ಬೈ ಮೂವತ್ತರಲ್ಲಿ ಹಿಡಿಯುವುದಿಲ್ಲ. ಎಷ್ಟು ಜಾಣತನದಿಂದ ಗೆರೆ ಎಳೆದರೂ ಏನೋ ಒಂದು ಹೊರಗೆ ಬಿಸಿಲು ಮಳೆಯಲ್ಲಿ ನಿಲ್ಲಬೇಕು. ಈ ಮನೆಯಲ್ಲಿ ಹೊರಗೆ ನಿಂತದ್ದು ಗಾಡಿ, ಮನುಷ್ಯರಲ್ಲ.