ಮೂವತ್ತು ವರ್ಷದ ಅಂಗಿ

ಆ ಭಾನುವಾರ ನನ್ನ ತಮ್ಮ ಲೈಲ್ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಹಾಯೊ ನದಿಯ ದಡದ ನಮ್ಮೂರಲ್ಲಿ ಅಂಗಿಗಳ ಮೇಲೆ ಅಕ್ಷರ ಅಚ್ಚು ಹಾಕುವವಳು ನಾನೊಬ್ಬಳೇ. ಅವನು ಕಲ್ಲಿದ್ದಲು ಉರಿಸುವ ಕರೆಂಟ್ ಸ್ಥಾವರದಲ್ಲಿ ರಿಪೇರಿ ಕೆಲಸಗಳ ಮೇಲ್ವಿಚಾರಕ. ಮರುದಿನ ಬೆಳಿಗ್ಗೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕಿತ್ತು.

"ಉಳಿದಿರೋ ಅಂಗಿ ಎಲ್ಲಿಟ್ಟಿದೀಯಕ್ಕಾ? ಸುಟ್ಟುಬಿಡೋಣ."

"ನನ್ನ ಹತ್ರ ಇರೋದು ಒಂದೇ. ಊರಲ್ಲಿ ನಾನೂರಿದೆ. ಪಾದ್ರಿಗಳು ಅದನ್ನೇ ಹಾಕ್ಕೊಂಡು ಹುಲ್ಲು ಕತ್ತರಿಸ್ತಾರೆ. ಅವರ ಮೈಮೇಲಿಂದ ಬಿಚ್ಚಿಸ್ತೀಯಾ?"

ಸ್ಥಾವರದಲ್ಲಿ ದೊಡ್ಡ ಕೆಲಸ ಮುಗಿದಾಗ ದುಡಿದವರಿಗೆಲ್ಲ ಒಂದೊಂದು ಅಂಗಿ ಹಂಚುವುದು ರೂಢಿ. ಉಳಿದವು ಬೇಕಾದವರಿಗೆ. ನಾಲ್ಕು ವರ್ಷದ ಹಿಂದೆ ಎರಡನೇ ಬಾಯ್ಲರಿನ ಹಳೆಯ ಕೊಳವೆಗಳನ್ನೆಲ್ಲ ಕಿತ್ತು, ಇನ್ನೂ ದಪ್ಪನೆಯವನ್ನು ಕೂರಿಸಿದರು. ಅಂಗಿಯ ಬೆನ್ನಿಗೆ ಸಾಲು ಬರೆದುಕೊಟ್ಟವನು ಲೈಲೇ: "ಮುದುಕಿಗೆ ಹೊಸ ಹೊಟ್ಟೆ! ಇನ್ನೂ ಮೂವತ್ತು ವರ್ಷ, ಮೊದಲಿಗಿಂತ ಜೋರು ಉರಿ!"

ಈಗ ಸರ್ಕಾರ ಕಂಪನಿಯ ಮೇಲೆ ಹಾಕಿರುವ ಕೇಸು ನಡೆಯುತ್ತಿರುವುದೇ ಆ ಉರಿಯ ಮೇಲೆ. ಹಳೆಯ ಸ್ಥಾವರವನ್ನು ಇದ್ದ ಹಾಗೇ ರಿಪೇರಿ ಮಾಡಿಕೊಂಡು ನಡೆಸಿದರೆ ಕಾನೂನಿನ ತಕರಾರಿಲ್ಲ. ಹೊಗೆ ಹೆಚ್ಚುವಂತೆ ಮಾರ್ಪಡಿಸಿದರೆ ಮಾತ್ರ ಹೊಸ ಪರವಾನಗಿ ಪಡೆಯಬೇಕು, ಹೊಗೆ ತೊಳೆಯುವ ಯಂತ್ರ ಕೂರಿಸಬೇಕು. ಕಂಪನಿ ಅದೊಂದನ್ನೂ ಮಾಡಿರಲಿಲ್ಲ. "ವಾಡಿಕೆಯ ರಿಪೇರಿ ಅಂತ ಹೇಳಿ ಇಳಿದು ಬಾ" ಎಂದು ಅವರ ವಕೀಲ ಲೈಲ್‌ಗೆ ಪಾಠ ಮಾಡಿದ್ದ. ಕೇಸು ಸೋತರೆ ಆ ಬಾಯ್ಲರನ್ನೇ ಮುಚ್ಚುತ್ತೇವೆ ಎಂದು ಮ್ಯಾನೇಜರ್ ಬೇರೆ ಅಂದಿದ್ದ.

"ತೊಂಬತ್ತು ಜನರ ಕೆಲಸ ಅಕ್ಕಾ. ನನ್ನದೂ ಸೇರಿ."

"ಹಂಗಾದ್ರೆ ರಿಪೇರಿ ಅಂತಾನೇ ಹೇಳು."

"ಬೈಬಲ್ ಮೇಲೆ ಕೈ ಇಟ್ಟು?"

"ಆ ಕೆಲಸ ಆದ್ಮೇಲೆ ನಾನು ಬಿಳಿ ಬಟ್ಟೆ ಹೊರಗೆ ಒಣಹಾಕಿಲ್ಲ ಕಣೋ. ಕಪ್ಪು ಬೀಳುತ್ತೆ. ಇದಕ್ಕಿಂತ ಹೆಚ್ಚು ನನ್ನ ಬಾಯಿಂದ ಹೊರಡಿಸ್ಬೇಡ."

ಅವನು ನಾನಿಟ್ಟುಕೊಂಡಿದ್ದ ಆ ಒಂದೇ ಅಂಗಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕೊನೆಗೆ ಅದನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದ.

ಕೋರ್ಟಿನಲ್ಲಿ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಕಂಪನಿಯ ವಕೀಲ ನಗುಮೊಗದಿಂದ ಕೇಳಿದ: "ಇದು ನೀವು ವಾಡಿಕೆಯಾಗಿ ಮಾಡೋ ರಿಪೇರಿ ತಾನೇ?"

ಲೈಲ್ ನೀರು ಕುಡಿದ. ಖಾಲಿ ಲೋಟವನ್ನು ಇನ್ನೊಮ್ಮೆ ಬಾಯಿಗೆ ಹಿಡಿದ.

"ವಾಡಿಕೆ ರಿಪೇರಿಗೆ ನಾವು ಅಂಗಿ ಅಚ್ಚು ಹಾಕಿಸಲ್ಲ ಸರ್."

ನಗು ವಕೀಲನ ತುಟಿಯಲ್ಲೇ ಒಣಗಿತು. ಎದುರು ಕಡೆಯ ವಕೀಲೆ ಎದ್ದು ನಿಂತಳು. "ಯಾವ ಅಂಗಿ?"

ತಾನು ಬರೆದ ಸಾಲನ್ನು ಅವನೇ ಒಪ್ಪಿಸಿದ. ಒಂದಕ್ಷರ ಬಿಡಲಿಲ್ಲ.

ತೀರ್ಪು ಇನ್ನೂ ಬಂದಿಲ್ಲ. ಸ್ಥಾವರದಲ್ಲಿ ಊಟದ ಹೊತ್ತಿಗೆ ಲೈಲ್ ಬಂದರೆ ಜೊತೆಗಾರರು ಕುರ್ಚಿ ತಿರುಗಿಸಿಕೊಳ್ಳುತ್ತಾರೆ. ಅವನು ನನ್ನ ಅಂಗಡಿಗೆ ಬಂದು ಕಿಟಕಿಯಿಂದ ಚಿಮಣಿ ನೋಡುತ್ತಾನೆ, ಬಾಗಿಲಿಗೆ ಹೋಗುತ್ತಾನೆ, ಮತ್ತೆ ಕಿಟಕಿಗೆ ಬರುತ್ತಾನೆ. ನಿನ್ನೆ ಹಾಗೆ ಅಲೆಯುತ್ತಿದ್ದಾಗಲೇ ಪಾದ್ರಿಗಳು ಫೋನ್ ಮಾಡಿದರು.

"ಹುಲ್ಲು ಮೊಣಕಾಲಿಗೆ ಬಂದಿದೆ ಲೈಲ್. ಆ ಅಂಗಿ ಹಾಕ್ಕೋಬಹುದೋ ಬೇಡ್ವೋ?"

"ಹಾಕ್ಕೊಳ್ಳಿ ಫಾದರ್. ನಾನಂತೂ ಬಿಚ್ಚಿಸಲ್ಲ."