ಮೂವತ್ತೆಂಟು ಬಕೆಟ್ಟು

"ಅಳಿಸು ಅಂದ್ರೆ ನೀರು ಸವರ್ತಾ ನಿಂತಿದೀಯ. ಉಗುರಲ್ಲಿ ಕೆರಿ. ಇನ್ನೇನಕ್ಕೆ ನಿನ್ನ ಇಟ್ಕೊಂಡಿರೋದು?"

ಹೆಡ್‌ಮಿಸ್ ಆಲ್ಡರ್ಟನ್ ಬಾಗಿಲಿನಿಂದಲೇ ಹೇಳಿ ಹೋದಳು. ಒಂಬತ್ತೂವರೆಗೆ ಶಾಲೆ ತಪಾಸಣೆಗೆ ಇನ್ಸ್‌ಪೆಕ್ಟರು ಬರುವವರಿದ್ದರು. ಅಷ್ಟರೊಳಗೆ 'ಶಾಂತಿ ಕೋಣೆ' ಹೊಳೆಯಬೇಕಿತ್ತು.

ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಆ ಶಾಲೆಯ ಕಾರಿಡಾರು ಒರೆಸಲು ಹಿಡಿದು ಲೋರ್ನಾಗೆ ನಾಲ್ಕು ವರ್ಷ. ಸದಾ ಮುಚ್ಚಿರುತ್ತಿದ್ದ ಈ ಕೋಣೆಗೆ ಅವಳು ಕಾಲಿಟ್ಟದ್ದು ಇವತ್ತೇ. ಗೋಡೆಗೆ ಮುಖ ಮಾಡಿದ ಒಂದು ಕುರ್ಚಿ. ಕಣ್ಣು ಅತ್ತಿತ್ತ ಹೋಗದಂತೆ ಎರಡೂ ಪಕ್ಕ ಹಲಗೆ. ಹಲಗೆ ತುಂಬ ಪೆನ್ಸಿಲ್ಲಿನಲ್ಲಿ ಬರೆದ ಚಿತ್ರ: ನೆಲ ಒರೆಸುವ ಚಕ್ರದ ಬಕೆಟ್ಟುಗಳು, ಪ್ರತಿಯೊಂದಕ್ಕೂ ಒಂದು ಚಕ್ರ ಸೊಟ್ಟ.

ಸೊಟ್ಟ ಚಕ್ರದ ಬಕೆಟ್ಟು ಶಾಲೆಯಲ್ಲಿ ಇದ್ದದ್ದು ಒಂದೇ. ಅದು ಲೋರ್ನಾಳ ಕಾಲ ಬಳಿ ನಿಂತಿತ್ತು.

ಅದೇ ಶಾಲೆಯಲ್ಲಿ ಓದುವ ಅವಳ ಮಗಳು ಟೆಗನ್‌ಗೆ ಹತ್ತು ವರ್ಷ. ಅಕ್ಷರ ಕಣ್ಣ ಮುಂದೆ ನಿಲ್ಲುತ್ತಿರಲಿಲ್ಲ, ಮೈ ಕುರ್ಚಿಯಲ್ಲಿ ನಿಲ್ಲುತ್ತಿರಲಿಲ್ಲ. ದಿನಾ ಎರಡು ಗಂಟೆ ಬೇರೆ ಟೀಚರು ಪಕ್ಕದಲ್ಲಿ ಕೂತು ಕಲಿಸುತ್ತಾರೆಂದು ಆಲ್ಡರ್ಟನ್ ಲೋರ್ನಾಳಿಂದ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಳು. ಇವತ್ತು ಮಾತ್ರ ಮಗುವನ್ನು ಕಳಿಸಬೇಡ ಅಂದಿದ್ದಳು.

ದಿನಾ ಈ ಕಿರುಗುಡುವ ಬಕೆಟ್ಟು ಎಳೆದುಕೊಂಡು ಇದೇ ಬಾಗಿಲ ಮುಂದೆ ಹೋಗಿದ್ದೆನಲ್ಲ, ಒಳಗೆ ಅವಳಿಗೆ ಕೇಳಿಸಿದೆ. ಲೋರ್ನಾ ಎಣಿಸಿದಳು. ಮೂವತ್ತೆಂಟು.

ಆಫೀಸಿಗೆ ಹೋದಳು. "ನನ್ ಕೂಸಿನ್ ಟೀಚರು ಎಲ್ಲವ್ರೆ ಮೇಡಂ?"

"ಟೀಚರು ಯಾಕೆ? ಅಂಥ ಮಕ್ಕಳಿಗೆ ಗೋಡೆ ನೋಡ್ತಾ ಕೂತ್ರೆ ಗಮನ ತಾನಾಗೇ ಬರುತ್ತೆ. ನಿನ್ನನ್ನ ಯಾರೂ ಹಾಗೆ ಕೂರಿಸ್ಲಿಲ್ಲ, ಪೊರಕೆ ಹಿಡಿದೆ. ಹೋಗು, ಅಳಿಸು."

ಅಷ್ಟು ಹೇಳಿ ಆಲ್ಡರ್ಟನ್ ಇನ್ಸ್‌ಪೆಕ್ಟರನ್ನು ಎದುರುಗೊಳ್ಳಲು ಗೇಟಿಗೆ ಹೊರಟಳು.

ರಿಪೇರಿ ಕೆಲಸದ ಮುದುಕ ಕ್ಲೆಮ್ ಮೆಟ್ಟಿಲ ಕೆಳಗೆ ಟೀ ಕುಡಿಯುತ್ತಿದ್ದ.

"ಸ್ಕ್ರೂಡ್ರೈವರ್ ಕೊಡು. ಶಾಂತಿ ಕೋಣೆ ಹಲ್ಗೆ ಬಿಚ್ಬೇಕು."

"ಯಾರ್ ತಿಥಿನಮ್ಮೀ?"

"ಕೇಳ್ಬ್ಯಾಡ. ನಿನ್ ಕೆಲ್ಸನೂ ಹೋಯ್ತದೆ."

ಕ್ಲೆಮ್ ಅವಳ ಕೈಯಲ್ಲಿನ ಒದ್ದೆ ಬಟ್ಟೆ ನೋಡಿದ. ಲೋಟ ಕೆಳಗಿಟ್ಟ. "ಎಂಟು ಸ್ಕ್ರೂ ಅವೆ. ಹೊಡ್ದೋನು ನಾನೇ, ಬೋಳಿಮಗ. ನಡಿ, ಹಲ್ಗೆ ಒಬ್ಳೇ ಎತ್ತಕ್ಕಾಗಕಿಲ್ಲ."

ಆಲ್ಡರ್ಟನ್ ಇಬ್ಬರು ಇನ್ಸ್‌ಪೆಕ್ಟರ ಜೊತೆ ನಗುತ್ತ ಬಂದು ತನ್ನ ಆಫೀಸಿನ ಬಾಗಿಲು ತೆಗೆದಳು. ಅವಳ ಮೇಜು ಗೋಡೆಗೆ ತಿರುಗಿತ್ತು. ಎರಡೂ ಪಕ್ಕ ಹಲಗೆ ಬಿಗಿದಿತ್ತು. ಮೂವತ್ತೆಂಟು ಬಕೆಟ್ಟಿನಲ್ಲಿ ಒಂದೂ ಅಳಿಸಿರಲಿಲ್ಲ.

ಒಳಗೆ ಕಾದಿದ್ದ ಲೋರ್ನಾ ಕುರ್ಚಿ ಎಳೆದಳು.

"ಕೂತ್ಕಳಿ ಮೇಡಂ. ಗಮನ ಬತ್ತದೆ."

ಆಲ್ಡರ್ಟನ್ ಹಿಂದಕ್ಕೆ ಹೆಜ್ಜೆ ಇಟ್ಟಳು. ಬಾಗಿಲಿಗೆ ಅಡ್ಡವಾಗಿ, ಸೊಟ್ಟ ಚಕ್ರ ಕಿರುಗುಡಿಸುತ್ತ, ಕ್ಲೆಮ್ ಬಕೆಟ್ಟು ತಂದು ನಿಲ್ಲಿಸಿದ.